ಗೆದ್ದ ಸುದ್ದಿಯನ್ನು ಯಾರಿಗೆ ಹೇಳಲಿ

ದುಃಖ ಬಂದಾಗ ಮನುಷ್ಯ ಒಬ್ಬಂಟಿಯಾಗುತ್ತಾನೆ ಎನ್ನುವವರನ್ನು ನಾನು ನಂಬುವುದಿಲ್ಲ. ನಮ್ಮ ಜಯನಗರದಲ್ಲಿ ದುಃಖ ಬಂದರೆ ಸಾಕು, ಕರೆಯದೆಯೇ ಜನ ಬರುತ್ತಾರೆ. ಹೋದ ವರ್ಷ ನಾನು ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಾಗ ಎದುರು ಮನೆಯವರು, ಹಿಂದಿನ ರಸ್ತೆಯವರು, ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ನನ್ನ ಷಡ್ಡಕರು, ಎಲ್ಲರೂ ಬಂದು ಒಬ್ಬೊಬ್ಬರು ಒಂದೊಂದು ಎಣ್ಣೆಯ ಹೆಸರು ಹೇಳಿ, ಕಾಫಿ ಕುಡಿದು ಹೋದರು. ಕಷ್ಟವಿರುವುದು ಸಂತೋಷದಲ್ಲಿ. ಸಂತೋಷವಾದರೆ ಯಾರೂ ತಾವಾಗಿ ಬರುವುದಿಲ್ಲ. ನಾವೇ ಅದನ್ನು ಹಿಡಿದುಕೊಂಡು ಕೇಳುವವರು ಸಿಗುತ್ತಾರೇನೋ ಎಂದು ಬೀದಿ ಸುತ್ತಬೇಕು. ಮಗಳ ಮದುವೆ, ಮಗನ ರ‍್ಯಾಂಕು, ಇಂಥವಕ್ಕಾದರೂ ಸಿಹಿ ಹಂಚುವ ಪದ್ಧತಿ ಇದೆ. ನನಗೆ ಬಂದ ಸಂತೋಷ ಅಂಥದ್ದಲ್ಲ. ಅದನ್ನು ಕೇಳಿ ಅರ್ಥ ಮಾಡಿಕೊಳ್ಳಬಲ್ಲವರು ಇಡೀ ದಕ್ಷಿಣ ಬೆಂಗಳೂರಿನಲ್ಲಿ ಒಬ್ಬರೇ ಒಬ್ಬರಿದ್ದರು. ಅವರನ್ನು ಅದಕ್ಕೆ ಎರಡು ತಿಂಗಳ ಮುಂಚೆ ಮನಸ್ಸು ಮುರಿಯುವ ಹಾಗೆ ಮಾತಾಡಿ ದೂರ ಮಾಡಿಕೊಂಡವನು ನಾನು.

ನಾನು ಫುಟ್‌ಬಾಲ್ ಅಭಿಮಾನಿ. ಹೀಗೆಂದರೆ ಸಾಲದು, ಯಾವ ಜಾತಿಯ ಅಭಿಮಾನಿ ಎಂದೂ ಹೇಳಬೇಕು. ನಮ್ಮ ಬೀದಿಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ಫುಟ್‌ಬಾಲ್ ಜ್ವರ ಬರುತ್ತದೆ, ಒಂದು ತಿಂಗಳಲ್ಲಿ ಇಳಿಯುತ್ತದೆ. ಕೆಲವರಿಗೆ ಇಳಿಯುವುದಿಲ್ಲ. ನನ್ನ ಅಳಿಯ ಇಂಗ್ಲೆಂಡಿನ ಯಾವುದೋ ಊರಿನ ತಂಡದ ಭಕ್ತ. ಆ ಊರನ್ನು ಅವನು ಕಂಡಿಲ್ಲ, ಅಲ್ಲಿಯ ಒಬ್ಬ ಮನುಷ್ಯನ ಪರಿಚಯವೂ ಅವನಿಗಿಲ್ಲ, ಆದರೂ ಆ ತಂಡ ಸೋತ ಮರುದಿನ ತಿಂಡಿ ಬಿಡುತ್ತಾನೆ. ನಾನು ಅಷ್ಟು ದೂರ ಹೋದವನಲ್ಲ. ನನ್ನ ತಂಡ ತಿಲಕ್ ನಗರದ್ದು, ನಮ್ಮ ಮನೆಯಿಂದ ಹನ್ನೆರಡು ನಿಮಿಷದ ನಡಿಗೆ. ಹೆಸರು ಹೇಳುವುದಿಲ್ಲ. ಹೇಳಿದರೂ ನಿಮಗೆ ಗೊತ್ತಿರುವುದಿಲ್ಲ, ಆಮೇಲೆ ನನಗೆ ಬೇಜಾರಾಗುತ್ತದೆ. ನಗರದ ಲೀಗ್‌ನಲ್ಲಿ ಕೆಳಗಿನ ಡಿವಿಷನ್ನಿನಲ್ಲಿ ಆಡುವ ತಂಡ. ಗೋಲ್‌ಕೀಪರ್ ಟೈರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ನಡುವೆ ನಿಲ್ಲುವ ಡಿಫೆಂಡರ್ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿದ್ದಾನೆ, ಕ್ಯಾಪ್ಟನ್ ಕುಮಾರಸ್ವಾಮಿ ಲೇಔಟಿನ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಪಂದ್ಯದ ದಿನ ಮಧ್ಯಾಹ್ನ ಅರ್ಧ ದಿನ ರಜಾ ಕೇಳಿ, ಒಂದೊಂದು ಸ್ಕೂಟರಿಗೆ ಇಬ್ಬರಂತೆ ಸ್ಟೇಡಿಯಂ ತಲುಪುತ್ತಾರೆ. ಎಲ್ಲರೂ ಬಂದು ಸೇರಿದರೆ ಅರ್ಧ ಗೆದ್ದಂತೆ ಎಂದು ನಾವು ಭಾವಿಸುತ್ತೇವೆ. ಇನ್ನರ್ಧ ಸಾಮಾನ್ಯವಾಗಿ ಗೆಲ್ಲುವುದಿಲ್ಲ.

ಈ ತಂಡವನ್ನು ಇಪ್ಪತ್ತನಾಲ್ಕು ವರ್ಷ ನನ್ನ ಪಕ್ಕದಲ್ಲಿ ಕೂತು ನೋಡಿದವರು ಮುನಿರಾಜಣ್ಣ. ಬಿಟಿಎಂ ಲೇಔಟ್ ಆಗುವುದಕ್ಕೆ ಮುಂಚೆ ಅಲ್ಲಿದ್ದ ಹಳ್ಳಿಯ ಹಳೆಯ ಮನೆತನದವರು. ಅವರ ತಂದೆ ರಾಗಿ ಬಿತ್ತುತ್ತಿದ್ದ ಹೊಲದ ಮೇಲೆ ಈಗ ಟ್ರಾಫಿಕ್ ಸಿಗ್ನಲ್ ಇದೆ. ಅಲ್ಲಿ ಕೆಂಪು ದೀಪ ಬಿದ್ದು ನಿಂತಾಗಲೆಲ್ಲ ಮುನಿರಾಜಣ್ಣ ಸುತ್ತ ಒಮ್ಮೆ ನೋಡಿ, ಇಲ್ಲಿ ಒಳ್ಳೆ ಬೆಳೆ ಬರೋದು ಎನ್ನುತ್ತಾರೆ. ಈಗ ನಾಲ್ಕು ಅಂತಸ್ತಿನ ಮನೆ ಕಟ್ಟಿಸಿ, ಮೇಲೆಲ್ಲ ಹುಬ್ಬಳ್ಳಿ, ಬಾಗಲಕೋಟೆ ಕಡೆಯಿಂದ ಬಂದ ಆಫೀಸಿನವರಿಗೆ ಬಾಡಿಗೆ ಕೊಟ್ಟಿದ್ದಾರೆ. ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಹಸು ಇದೆ. ಅವರು ಫುಟ್‌ಬಾಲಿಗೆ ಬಂದದ್ದೂ ಆ ಹಸುವಿನ ತಾಯಿಯೋ ಅಜ್ಜಿಯೋ ಇದ್ದ ಕಾಲದಲ್ಲಿ, ಅದರ ದೆಸೆಯಿಂದಲೇ. ಸ್ಟೇಡಿಯಂ ಹತ್ತಿರ ಯಾವುದೋ ಕೆಲಸಕ್ಕೆ ಬಂದವರು ಗೇಟಿನ ಸಂದಿಯಲ್ಲಿ ಹಸಿರು ಹುಲ್ಲು ಕಂಡು ಒಳಗೆ ಬಂದರಂತೆ. ನನ್ನ ಪಕ್ಕ ಕೂತು, ಇಷ್ಟು ಒಳ್ಳೆ ಹುಲ್ಲಿನ ಮೇಲೆ ಇವರೆಲ್ಲ ಯಾಕೆ ತುಳಿದಾಡುತ್ತಿದ್ದಾರೆ ಎಂದು ಕೇಳಿದರು. ನಾನು ವಿವರಿಸತೊಡಗಿದೆ. ಅವತ್ತು ಶುರುವಾದ ವಿವರಣೆ ಇಪ್ಪತ್ತನಾಲ್ಕು ವರ್ಷ ನಡೆಯಿತು. ಆಫ್‌ಸೈಡ್ ಎಂದರೆ ಏನೆಂದು ಅವರಿಗೆ ಇವತ್ತಿಗೂ ತಿಳಿದಿಲ್ಲ. ದರ್ಶಿನಿಯ ಮೇಜಿನ ಮೇಲೆ ಲೋಟ, ಚಮಚ, ಸಕ್ಕರೆ ಡಬ್ಬಿ ಇಟ್ಟು ಎಷ್ಟೋ ಸಲ ತೋರಿಸಿದ್ದೇನೆ. ಎಲ್ಲ ಕೇಳಿಸಿಕೊಂಡು, 'ಆಯ್ತು ಮೇಷ್ಟ್ರೇ, ಆದ್ರೂ ಗೋಲ್ ಗೋಲೇ ಅಲ್ವಾ' ಎನ್ನುತ್ತಾರೆ.

ನಾನು ನಿಜವಾದ ಮೇಷ್ಟ್ರಲ್ಲ. ಬನಶಂಕರಿಯ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬ್‌ನಲ್ಲಿ ಮೂವತ್ತೊಂದು ವರ್ಷ ಇನ್‌ಸ್ಟ್ರಕ್ಟರ್ ಆಗಿದ್ದೆ. ಪೆಂಡುಲಂ ತೂಗುಹಾಕುವುದು, ಮಕ್ಕಳು ಒಡೆದ ಲೆನ್ಸಿಗೆ ಕಾರಣ ಬರೆಸಿಕೊಳ್ಳುವುದು, ಇದು ನನ್ನ ಕೆಲಸ. ಒಂದು ರೀಡಿಂಗ್ ನಂಬಬೇಡಿ, ಆರು ರೀಡಿಂಗ್ ತಗೊಳ್ಳಿ, ಆಮೇಲೆ ತೀರ್ಮಾನಕ್ಕೆ ಬನ್ನಿ ಎಂದು ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಇದನ್ನು ಇಲ್ಲಿ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಏಕೆಂದರೆ ಮುಂದೆ ನಡೆದದ್ದಕ್ಕೆ ಈ ವಿದ್ಯೆಯೇ ಕಾರಣ.

ಪಂದ್ಯ ನೋಡುವ ಪ್ರತಿ ಮನೆಯಲ್ಲೂ ಒಬ್ಬರ ಕಾಲ್ಗುಣ ಕೆಟ್ಟದಾಗಿರುತ್ತದೆ. ನಿಮ್ಮ ಮನೆಯಲ್ಲಿ ಯಾರು ಎಂದು ನಿಮಗೆ ಈಗಾಗಲೇ ನೆನಪಾಗಿರಬೇಕು. ನಮ್ಮ ಮನೆಯಲ್ಲಿ ಅದು ನನ್ನ ಸೋದರತ್ತೆ. ಅವರು ಟಿವಿ ಮುಂದೆ ಬಂದು ಕೂತರೆ ವಿಕೆಟ್ ಬೀಳುತ್ತದೆ ಎಂದು ಯಾರೋ ಯಾವಾಗಲೋ ಕಂಡುಹಿಡಿದರು. ಅಂದಿನಿಂದ ಕ್ರಿಕೆಟ್ ಇದ್ದ ದಿನ ಸೋದರತ್ತೆ ಅಡುಗೆಮನೆಯಲ್ಲಿರಬೇಕು. ಪಾಪ, ಅವರಿಗೆ ಕ್ರಿಕೆಟ್ ಎಂದರೆ ನಮ್ಮೆಲ್ಲರಿಗಿಂತ ಹೆಚ್ಚು ಪ್ರೀತಿ. ಒಂದು ದೊಡ್ಡ ಪಂದ್ಯವನ್ನು ಅವರು ಒಲೆಯ ಮುಂದೆ ನಿಂತು, ನಮ್ಮ ಕೂಗಾಟದಿಂದಲೇ ಸ್ಕೋರ್ ಊಹಿಸಿಕೊಂಡು ಕಳೆದರು. ಗೆದ್ದ ಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, 'ಗೆದ್ವಾ? ಈಗ ಬರಬಹುದಾ?' ಎಂದು ಕೇಳಿದರು. ನಾವೆಲ್ಲ ನಕ್ಕೆವು. ಈಗ ನೆನೆದರೆ ಆ ನಗುವಿಗೆ ಬೆನ್ನ ಮೇಲೆ ಎರಡು ಬಿಡಬೇಕು ಅನ್ನಿಸುತ್ತದೆ.

ನಮ್ಮ ತಂಡ ಹೋದ ವರ್ಷ ಸತತವಾಗಿ ಸೋಲತೊಡಗಿದಾಗ ನಾನು ರೀಡಿಂಗ್ ತೆಗೆದುಕೊಳ್ಳಲು ಆರಂಭಿಸಿದೆ. ಮೊದಲು ನನ್ನ ಸ್ವೆಟರನ್ನು ಅನುಮಾನಿಸಿದೆ, ಬದಲಾಯಿಸಿದೆ, ಸೋತೆವು. ಆಮೇಲೆ ಕಡಲೆಕಾಯಿಯನ್ನು ಅನುಮಾನಿಸಿದೆ, ಬಿಟ್ಟೆ, ಹಸಿದುಕೊಂಡು ಸೋತೆವು. ಕೊನೆಗೆ ಕಣ್ಣು ಪಕ್ಕಕ್ಕೆ ಹೊರಳಿತು. ಮುನಿರಾಜಣ್ಣ ನಾದಿನಿಯ ಮನೆಯ ಗೃಹಪ್ರವೇಶಕ್ಕೆ ಹೋಗಿ ತಪ್ಪಿಸಿಕೊಂಡ ದಿನ ಪಂದ್ಯ ಸಮವಾಯಿತು. ಹಸುವಿಗೆ ಹುಷಾರಿಲ್ಲವೆಂದು ತಡವಾಗಿ ಬಂದ ದಿನ, ಅವರು ಮೆಟ್ಟಿಲು ಹತ್ತಿ ಬಂದು ಕೂತ ಕ್ಷಣಕ್ಕೆ ಸರಿಯಾಗಿ ಗೋಲು ಬಿತ್ತು. ಹೀಗೆ ಆರು ರೀಡಿಂಗ್ ಆದವು. ವಿಜ್ಞಾನದಲ್ಲಿ ದಾಕ್ಷಿಣ್ಯವಿಲ್ಲ. ಈ ಸಲದ ಲೀಗ್ ಶುರುವಾಗುವ ಮುಂಚಿನ ಒಂದು ಸಂಜೆ, ದರ್ಶಿನಿಯಲ್ಲಿ ಕಾಫಿ ಕುಡಿಯುವಾಗ, ಬಹಳ ನಯವಾಗಿ ಹೇಳುತ್ತಿದ್ದೇನೆ ಎಂದುಕೊಂಡು ಹೇಳಿಬಿಟ್ಟೆ: 'ಮುನಿರಾಜಣ್ಣ, ತಪ್ಪು ತಿಳ್ಕೋಬೇಡಿ. ಈ ಸಲ ನೀವು ಸ್ವಲ್ಪ ದಿನ ಬರದೇ ಇದ್ರೆ ಹೇಗೆ? ನಿಮ್ಮ ಕಾಲ್ಗುಣ ಯಾಕೋ ನಮ್ಮೋರಿಗೆ ಆಗ್ತಿಲ್ಲ.'

ಅವರು ಮೊದಲು ನಕ್ಕರು. ನಾನು ನಗಲಿಲ್ಲ. ಆಗ ಅವರೂ ನಗು ನಿಲ್ಲಿಸಿದರು. ಅರ್ಧ ಕುಡಿದ ಕಾಫಿಯನ್ನು ಮೇಜಿನ ಮೇಲಿಟ್ಟು, ಹೆಗಲ ಟವೆಲ್ ಸರಿಮಾಡಿಕೊಂಡು, ಹಸುವಿಗೆ ಬೂಸಾ ತಗೊಂಡು ಹೋಗಬೇಕು ಎಂದು ಹೊರಟುಹೋದರು. ಇಪ್ಪತ್ತನಾಲ್ಕು ವರ್ಷದಲ್ಲಿ ಅವರು ಕಾಫಿ ಬಿಟ್ಟು ಎದ್ದದ್ದು ಅದೇ ಮೊದಲು. ಆಮೇಲೆ ಫೋನೂ ಇಲ್ಲ, ದರ್ಶಿನಿಗೂ ಬರಲಿಲ್ಲ. ನಾನೂ ಮಾಡಲಿಲ್ಲ, ತಂಡಕ್ಕಾಗಿ ಅಷ್ಟು ತ್ಯಾಗ ಮಾಡಲಾಗದವರು ಎಂಥ ಅಭಿಮಾನಿ ಎಂದು ಮನಸ್ಸಿನಲ್ಲೇ ದೊಡ್ಡದಾಗಿ ಮಾತಾಡಿಕೊಂಡೆ. ಮೊದಲ ಪಂದ್ಯಕ್ಕೆ ಅವರು ಬರಲಿಲ್ಲ. ಸೋತೆವು. ಎರಡನೆಯದಕ್ಕೂ ಬರಲಿಲ್ಲ. ಅದನ್ನೂ ಸೋತೆವು. ಅಲ್ಲಿಗೆ ನನ್ನ ಥಿಯರಿ ಸತ್ತಿತ್ತು. ಅಂದೇ ಅವರ ಮನೆಗೆ ಹೋಗಿ, ಮುನಿರಾಜಣ್ಣ, ನೀವಿಲ್ಲದೆಯೂ ನಾವು ಚೆನ್ನಾಗಿಯೇ ಸೋಲುತ್ತಿದ್ದೇವೆ, ತಪ್ಪಾಯಿತು, ಬನ್ನಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಒಂದು ಪಂದ್ಯ ಗೆಲ್ಲಲಿ, ಒಳ್ಳೆಯ ಸುದ್ದಿ ಹಿಡಿದುಕೊಂಡೇ ಹೋಗೋಣ ಎಂದುಕೊಂಡೆ. ಜೀವನದಲ್ಲಿ ನಾನು ಮಾಡಿದ ಪೆದ್ದುತನಗಳಲ್ಲಿ ಇದಕ್ಕೆ ಮೊದಲ ಬಹುಮಾನ ಕೊಡಬಹುದು.

ಮೂರನೆಯ ಪಂದ್ಯ ಬಸ್ಸಿನವರ ಮೇಲೆ. ಅವರ ನಿಜವಾದ ಹೆಸರು ಬೇರೆ, ಅವರು ಸ್ವಂತ ಬಸ್ಸಿನಲ್ಲಿ ಬರುತ್ತಾರಾದ್ದರಿಂದ ನಾವು ಹಾಗೆ ಕರೆಯುತ್ತೇವೆ. ಯಾರೋ ಶ್ರೀಮಂತರು ಹೊಸದಾಗಿ ಕಟ್ಟಿದ ತಂಡ. ವಿದೇಶಿ ಕೋಚ್, ಕಾಲು ನೀವಲು ಒಬ್ಬ ಡಾಕ್ಟರು, ಮತ್ತು ತಮ್ಮ ಕಡೆ ಕೂರುವ ಪ್ರೇಕ್ಷಕರಿಗೆ ನೀಲಿ ಟೋಪಿ, ಜ್ಯೂಸು. ಎರಡು ವರ್ಷದಿಂದ ಅವರು ಸೋತದ್ದನ್ನು ಯಾರೂ ಕಂಡಿರಲಿಲ್ಲ. ಅವರ ಗ್ಯಾಲರಿ ನೆರಳಿನ ಕಡೆ. ನಮ್ಮದು ಬಿಸಿಲಿನ ಕಡೆ, ಮೂರೂವರೆಯ ಸೂರ್ಯ ನೇರವಾಗಿ ಕಣ್ಣಿಗೆ ಹೊಡೆಯುತ್ತಾನೆ. ಅಲ್ಲಿ ನಾವು ಹದಿನೈದು ಜನ, ಜೊತೆಗೆ ಬಂದೋಬಸ್ತಿಗೆ ಬಂದ ಒಬ್ಬ ಪೊಲೀಸಿನವರು. ಎಷ್ಟು ಗೋಲುಗಳಲ್ಲಿ ಸೋತರೆ ಮರ್ಯಾದೆ ಉಳಿಯುತ್ತದೆ ಎಂದು ನಾವು ಮೊದಲೇ ಚರ್ಚಿಸಿ, ಮೂರಕ್ಕೆ ಒಪ್ಪಿಕೊಂಡಿದ್ದೆವು.

ಹನ್ನೊಂದನೇ ನಿಮಿಷಕ್ಕೆ ನಮ್ಮ ಕ್ಯಾಪ್ಟನ್ ಯಾರಿಗೋ ಕೊಡಲೆಂದು ಎತ್ತಿ ಒದ್ದ ಚೆಂಡು ಯಾರಿಗೂ ಸಿಗದೆ, ಅವರ ಗೋಲ್‌ಕೀಪರ್ ತಲೆಯ ಮೇಲೆ ಹಾರಿ ಬಲೆಯೊಳಗೆ ಬಿತ್ತು. ನಾನು ಎದ್ದು ನಿಂತು ಕೂಗಿ, ಅಭ್ಯಾಸಬಲದಿಂದ ಎಡಗಡೆಗೆ ತಿರುಗಿ ಮುನಿರಾಜಣ್ಣನ ಹೆಗಲು ಹಿಡಿಯಲು ಕೈ ಚಾಚಿದೆ. ಅಲ್ಲಿ ಹೆಗಲಿರಲಿಲ್ಲ. ನನ್ನ ಕೈಚೀಲವೂ ನೀರಿನ ಬಾಟಲಿಯೂ ಇದ್ದವು. ಕೈಯನ್ನು ಏನು ಮಾಡುವುದೆಂದು ತಿಳಿಯದೆ ನೀರಿನ ಬಾಟಲಿ ಎತ್ತಿಕೊಂಡು ಕುಡಿದೆ. ಅವರೊಂದು ಗೋಲು ಹೊಡೆದು ಸಮ ಮಾಡಿದರು, ಸರಿ, ಇನ್ನು ಶುರುವಾಯಿತು ಎಂದುಕೊಂಡೆವು. ಆದರೆ ಶುರುವಾದದ್ದು ನಮ್ಮದು. ಕೊರಿಯರ್ ಹಂಚುವ ನಮ್ಮ ಎಡಗಡೆಯ ಹುಡುಗ ಅಂದು ಬಿಟಿಎಂನ ಗಲ್ಲಿಗಳಲ್ಲಿ ನುಗ್ಗುವ ಹಾಗೆ ನುಗ್ಗಿದ. ಎರಡಾಯಿತು, ಮೂರಾಯಿತು. ನಾಲ್ಕನೆಯದನ್ನು ಗಾರ್ಮೆಂಟ್ಸ್‌ನ ಡಿಫೆಂಡರ್ ತಲೆಯಿಂದ ಹೊಡೆದ, ಅವನು ಗೋಲು ಹೊಡೆದದ್ದೇ ನಾನು ಕಂಡಿರಲಿಲ್ಲ. ಪಂದ್ಯ ಮುಗಿದಾಗ ನಾಲ್ಕು–ಒಂದು. ನನಗೆ ಅಳು ಬಂತು, ಬಿಸಿಲಿನ ನೆವವಿತ್ತು, ಒರೆಸಿಕೊಂಡೆ. ಯಾರನ್ನಾದರೂ ತಬ್ಬಿಕೊಳ್ಳಲೇಬೇಕಾಗಿ, ಹತ್ತಿರವಿದ್ದ ಪೊಲೀಸಿನವರನ್ನು ತಬ್ಬಿಕೊಂಡೆ. ಅವರು ಬಿಡಿಸಿಕೊಳ್ಳದೆ, ತಾಳ್ಮೆಯಿಂದ, 'ಯಾವ ಕಡೆಯೋರು ಗೆದ್ದಿದ್ದು ಸಾರ್?' ಎಂದು ಕೇಳಿದರು.

ಆ ಸಂತೋಷವನ್ನು ಹೊತ್ತುಕೊಂಡು ಬಸ್ ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮೊದಲೆಲ್ಲ ಆ ಸೀಟಿಗಾಗಿ ನಾವಿಬ್ಬರೂ ಜಗಳವಾಡುತ್ತಿದ್ದೆವು, ಸ್ಟೇಡಿಯಮ್ಮಿನಿಂದ ಜಯನಗರದವರೆಗೆ ಪಂದ್ಯವನ್ನು ಇನ್ನೊಂದು ಸಲ ಆಡುತ್ತಿದ್ದೆವು. ಸೋತ ಪಂದ್ಯಗಳನ್ನೂ ಎಷ್ಟೋ ಸಲ ಬಸ್ಸಿನಲ್ಲಿ ಗೆದ್ದಿದ್ದೇವೆ. ಇವತ್ತು ಗೆದ್ದ ಪಂದ್ಯ ಬಾಯಲ್ಲೇ ಉಳಿಯಿತು. ಪಕ್ಕದಲ್ಲಿದ್ದವರು ಕಿವಿಗೆ ಏನೋ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದರು. ಮನೆಗೆ ಬಂದು ಹೆಂಡತಿ ಶಾರದೆಗೆ ಹೇಳಿದೆ. ಅವಳು ಒಳ್ಳೆಯವಳು, ನಾಲ್ಕೂ ಗೋಲುಗಳನ್ನು ನಿಂತೇ ಕೇಳಿದಳು. ಕೇಳಿ ಮುಗಿದ ಮೇಲೆ, ಒಳ್ಳೇದಾಯ್ತು, ಮೊಸರು ತಂದಿರಾ ಎಂದಳು. ಮರುದಿನ ಬೆಳಿಗ್ಗೆ ಪಾರ್ಕಿನಲ್ಲಿ ವಾಕಿಂಗ್ ಗುಂಪಿಗೆ ಹೇಳಿದೆ. ಯಾವ ಚಾನೆಲ್ಲಿನಲ್ಲಿ ಬಂತು ಎಂದು ಕೇಳಿದರು. ಯಾವುದರಲ್ಲೂ ಬರಲಿಲ್ಲ ಎಂದೆ. ಟಿವಿಯಲ್ಲಿ ಬಾರದ್ದು ನಡೆದದ್ದಾದರೂ ಹೌದೇ ಎನ್ನುವ ಹಾಗೆ ನೋಡಿ, ಸಕ್ಕರೆ ಕಾಯಿಲೆಯ ವಿಚಾರಕ್ಕೆ ಹೋದರು. ಪೇಪರಿನಲ್ಲಿ ಒಂದು ಸಾಲೂ ಇರಲಿಲ್ಲ. ಅಳಿಯನಿಗೆ ಫೋನ್ ಮಾಡಿದೆ, ಅವನು ತುಂಬ ಗೌರವದಿಂದ, 'ಸೂಪರ್ ಮಾವ' ಎಂದು ಹೇಳಿ ತನ್ನ ಇಂಗ್ಲೆಂಡಿನ ತಂಡದ ಗೋಳು ತೋಡಿಕೊಂಡ. ಮೂರು ದಿನ ಹೀಗೆ ಕಳೆಯಿತು. ಸಂತೋಷ ಒಳಗೇ ಇದ್ದು ಇದ್ದು ಎದೆಯುರಿಯ ಹಾಗೆ ಕಾಡತೊಡಗಿತು.

ನಾಲ್ಕನೆಯ ದಿನ ಶಾರದೆ ಕೋಡುಬಳೆ ಕರಿಯುತ್ತಾ, ಮುನಿರಾಜು ಅವರಿಗೆ ಹೇಳಿದಿರಾ ಎಂದು ಕೇಳಿದಳು. ನಾನು ಪೇಪರ್ ಓದುವವನಂತೆ ನಟಿಸಿದೆ. ಹೇಗೆ ಹೇಳಲಿ? ನೀವು ಬಂದರೆ ಸೋಲುತ್ತೇವೆ ಎಂದವನು, ನೀವು ಬರಲಿಲ್ಲ, ಗೆದ್ದೆವು ಎಂದು ಸುದ್ದಿ ಒಯ್ಯುವುದೇ? ನನಗೆ ಇಪ್ಪತ್ತನಾಲ್ಕು ವರ್ಷಗಳಲ್ಲಿ ಸಿಕ್ಕ ದೊಡ್ಡ ಗೆಲುವು ಅವರ ಮುಖದ ಮೇಲೆ ಬೀಳುವ ದೊಡ್ಡ ಏಟು. ಅವರನ್ನು ಬಿಟ್ಟರೆ ಈ ಗೆಲುವಿಗೆ ಅರ್ಥವಿಲ್ಲ, ಅವರಿಗೆ ಹೇಳಿದರೆ ಸ್ನೇಹಕ್ಕೆ ಅರ್ಥವಿಲ್ಲ. ಇದನ್ನೆಲ್ಲ ಶಾರದೆಗೆ ವಿವರಿಸಿದೆ. ಅವಳು ಒಂದು ಸ್ಟೀಲ್ ಡಬ್ಬಿಗೆ ಕೋಡುಬಳೆ ತುಂಬಿ ನನ್ನ ಮುಂದಿಟ್ಟು, 'ಹೋಗಿ ಕೊಟ್ಟು ಬನ್ನಿ. ಮ್ಯಾಚ್ ವಿಷಯ ಎತ್ತಲೇಬೇಡಿ. ಡಬ್ಬಿ ಬಿಟ್ಟು ಬನ್ನಿ, ತರೋಕೆ ಇನ್ನೊಂದ್ಸಲ ಹೋಗ್ಬೇಕಾಗತ್ತೆ' ಎಂದಳು. ಮೂವತ್ತೊಂದು ವರ್ಷ ಫಿಸಿಕ್ಸ್ ಲ್ಯಾಬಿನಲ್ಲಿದ್ದರೂ ಇಷ್ಟು ಸರಳವಾದ ಉಪಕರಣ ನನಗೆ ಹೊಳೆದಿರಲಿಲ್ಲ.

ಮುನಿರಾಜಣ್ಣನ ಮನೆಯ ಬಾಗಿಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ ಅವರ ಹೆಂಡತಿ ಜಯಮ್ಮ, ಎಷ್ಟು ದಿನವಾಯಿತು ಬಂದು ಎಂದು ಡಬ್ಬಿ ತೆಗೆದುಕೊಂಡು, ಅವರು ಮೇಲೆ ಟ್ಯಾಂಕಿನ ಹತ್ತಿರ ಇದ್ದಾರೆ ಎಂದರು. ನಾಲ್ಕು ಅಂತಸ್ತು ಹತ್ತಬೇಕು. ಒಂದನೆಯ ಅಂತಸ್ತಿನಲ್ಲಿ ಪಂದ್ಯದ ವಿಷಯ ಎತ್ತಬಾರದು ಎಂದುಕೊಂಡೆ. ಎರಡನೆಯದರಲ್ಲಿ, ಅವರೇ ಕೇಳಿದರೆ ಏನು ಗತಿ ಎಂದು ಭಯವಾಯಿತು. ಬಾಡಿಗೆಯವರು ಯಾರೋ ಒಳಗೆ ಒಗ್ಗರಣೆ ಹಾಕುತ್ತಿದ್ದರು, ಆ ಘಾಟಿಗೆ ಸೀನಿದೆ, ಸೀನಿನ ನಂತರ ಬುದ್ಧಿ ಕೆಲಸ ಮಾಡಿತು. ಅವರ ಹತ್ತಿರ ಇರುವುದು ಬಟನ್ ಫೋನು. ಪೇಪರಿನಲ್ಲಿ ಬಂದಿಲ್ಲ. ಟಿವಿಯಲ್ಲಿ ಬಂದಿಲ್ಲ. ಸೋತೆವು ಎಂದು ಹೇಳಿಬಿಟ್ಟರೆ? ಸತತ ಮೂರನೆಯ ಸೋಲು, ಅವರು ಬರದಿದ್ದರೂ ಸೋಲು. ಅವರ ಕಾಲ್ಗುಣಕ್ಕೆ ಖುಲಾಸೆ ಸಿಗುತ್ತದೆ, ನಾನು ಕ್ಷಮೆ ಕೇಳಬಹುದು, ಅವರು ವಾಪಸು ಬರುತ್ತಾರೆ. ಮೂರನೆಯ ಅಂತಸ್ತಿನಲ್ಲಿ ನಿಂತು ಏದುಸಿರು ಬಿಡುತ್ತಾ, ಆ ನಾಲ್ಕು ಗೋಲುಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಇಷ್ಟು ವರ್ಷ ಕಾದು ಸಿಕ್ಕಿದ್ದನ್ನು ನನ್ನ ಬಾಯಿಂದಲೇ ಇಲ್ಲ ಎನ್ನಬೇಕು. ಆಗಲಿ ಎಂದು ಹತ್ತಿದೆ.

ಅವರು ಒಂದು ಕೋಲು ಇಳಿಬಿಟ್ಟು ಟ್ಯಾಂಕಿನಲ್ಲಿ ನೀರು ಎಷ್ಟಿದೆ ನೋಡುತ್ತಿದ್ದರು. ನನ್ನನ್ನು ಕಂಡು ಮುಖದಲ್ಲಿ ಸಂತೋಷ ಬಂದು, ಹಿಂದೆಯೇ ಸಂಕೋಚವೂ ಬಂತು. ಬಂದಿರಾ, ಕೂತ್ಕೊಳ್ಳಿ ಎಂದು ಒಂದು ಬಕೆಟ್ ಮಗುಚಿ ಹಾಕಿದರು. ಕೂತೆ. ಮಳೆ, ನೀರು, ಮಂಡಿನೋವು, ಹಸು, ಎಲ್ಲ ಆಯಿತು. ಕೊನೆಗೆ ಅವರು ಕೋಲು ಒರೆಸುತ್ತಾ, ನನ್ನ ಕಡೆ ನೋಡದೆ, ಮ್ಯಾಚ್ ಏನಾಯ್ತು ಎಂದು ಕೇಳಿದರು.

'ಸೋತ್ವಿ ಮುನಿರಾಜಣ್ಣ' ಎಂದೆ. 'ಮೂರು ಸೊನ್ನೆ.'

ಅವರು ಕೋಲು ಕೆಳಗಿಟ್ಟರು. ನನ್ನ ಕಡೆ ತಿರುಗಿದರು.

'ಮೇಷ್ಟ್ರೇ, ನಾನು ಅಲ್ಲೇ ಇದ್ನಲ್ಲ' ಎಂದರು.

ಎಲ್ಲಿ ಎಂದು ನಾನು ಕೇಳುವ ಮೊದಲೇ ಅವರೇ ಹೇಳಿದರು. 'ಬಸ್ಸಿನೋರ ಕಡೆ. ಅವ್ರು ಕೊಟ್ಟ ನೀಲಿ ಟೋಪಿ ಹಾಕ್ಕೊಂಡು ಕೂತಿದ್ದೆ. ನೀವೇ ಹೇಳಿದ್ರಲ್ಲ, ನನ್ ಕಾಲ್ಗುಣ ಸರಿಯಿಲ್ಲ ಅಂತ. ಎರಡು ಮ್ಯಾಚು ಮನೇಲೇ ಕೂತೆ. ಕ್ಯಾಪ್ಟನ್‌ಗೆ ಫೋನ್ ಮಾಡಿ ಕೇಳಿದ್ರೆ ಎರಡೂ ಸೋತ್ವಿ ಅಂದ. ಆಮೇಲೆ ಯೋಚ್ನೆ ಮಾಡ್ದೆ. ಕಾಲ್ಗುಣ ಅಷ್ಟು ಕೆಟ್ಟದ್ದೇ ಆಗಿದ್ರೆ ಅದನ್ಯಾಕೆ ಮನೇಲಿ ಸುಮ್ನೆ ಇಟ್ಕೊಂಡಿರ್ಬೇಕು, ಹೋಗಿ ಅವ್ರ ಮಧ್ಯೆ ಕೂತ್ಕೊಳೋಣ, ತಗುಲಿದ್ರೆ ಅವ್ರಿಗೇ ತಗುಲ್ಲಿ ಅಂತ.'

ನಾನು ಬಕೆಟ್ಟಿನ ಮೇಲೆ ಕೂತೇ ಇದ್ದೆ. ನಾನು ಅವರನ್ನು ತಂಡದಿಂದ ಹೊರಗೆ ಹಾಕಿದ್ದೆ ಎಂದು ತಿಳಿದಿದ್ದೆ, ಅವರು ತಮ್ಮ ಮೇಲೆ ಬಂದ ಅಪವಾದವನ್ನೇ ಹೊತ್ತುಕೊಂಡು ಹೋಗಿ ತಂಡದ ಕೆಲಸಕ್ಕೆ ಹಚ್ಚಿದ್ದರು. ನಮ್ಮ ಮೊದಲ ಗೋಲು ಅವರ ಕಣ್ಣೆದುರೇ ಆಯಿತಂತೆ. ಸುತ್ತ ಎಲ್ಲರೂ ನೀಲಿ ಟೋಪಿಯವರು, ಚಪ್ಪಾಳೆ ತಟ್ಟುವಂತಿಲ್ಲ, ನಗುವಂತಿಲ್ಲ. ನಾಲ್ಕನೆಯ ಗೋಲಿಗೆ ಕೂಗು ಬಂದೇಬಿಡುತ್ತದೆ ಎನ್ನಿಸಿ ಟವೆಲ್ ಬಾಯಿಗೆ ತುರುಕಿಕೊಂಡರಂತೆ. ಪಕ್ಕದವರು, ಬೇಜಾರ್ ಮಾಡ್ಕೋಬೇಡಿ ಅಂಕಲ್ ಎಂದು ಬೆನ್ನು ಸವರಿದರಂತೆ. ಬಿಸಿಲು ಅವರ ಬೆನ್ನಿಗಿದ್ದುದರಿಂದ ನಮ್ಮ ಗ್ಯಾಲರಿ ಸ್ಪಷ್ಟವಾಗಿ ಕಾಣುತ್ತಿತ್ತು. 'ನೀವು ಎಡಗಡೆ ಕೈ ಚಾಚಿದ್ದೂ ನೋಡ್ದೆ, ಪೊಲೀಸ್ನೋರ್ನ ತಬ್ಕೊಂಡಿದ್ದೂ ನೋಡ್ದೆ' ಎಂದರು. ಜ್ಯೂಸ್ ಕೊಟ್ಟರೇ ಎಂದು ಕೇಳಿದೆ. ಕೊಟ್ಟರು, ಕುಡಿಯಲಿಲ್ಲ, ನಮ್ಮವರ ಮೇಲೆ ಆಡುವವರ ಜ್ಯೂಸ್ ಹೇಗೆ ಕುಡಿಯುವುದು ಎಂದರು.

ತಪ್ಪಾಯಿತು ಎಂದು ನಾನು ಹೇಳಿದೆನೋ, ಹೇಳಬೇಕೆಂದುಕೊಂಡೆನೋ, ನೆನಪಿಲ್ಲ. ಅವರು ಅದಕ್ಕೆ ಅವಕಾಶ ಕೊಡಲಿಲ್ಲ. ಮುಂದಿನ ಒಂದು ಗಂಟೆ ಆ ತಾರಸಿಯ ಮೇಲೆ ಪಂದ್ಯ ಮತ್ತೆ ನಡೆಯಿತು. ನನಗೆ ಬಿಸಿಲಲ್ಲಿ ಕಾಣದ್ದನ್ನು ಅವರು ಹೇಳಿದರು, ಅವರಿಗೆ ಮರೆಯಾದದ್ದನ್ನು ನಾನು ಹೇಳಿದೆ. ಮೂರನೆಯ ಗೋಲಿನಲ್ಲಿ ಬಸ್ಸಿನವರ ಗೋಲ್‌ಕೀಪರ್ ಮೊದಲು ಎಡಕ್ಕೆ ವಾಲಿದ ಎಂಬುದು ನನಗೆ ಆವತ್ತೇ ತಿಳಿದದ್ದು. ಜಯಮ್ಮ ಕಾಫಿಯೂ ಕೋಡುಬಳೆಯೂ ಹಿಡಿದು ಮೇಲೆ ಬಂದಾಗ ನಾವಿಬ್ಬರೂ ಟ್ಯಾಂಕಿನ ಪಕ್ಕ ನಿಂತು ನಾಲ್ಕನೆಯ ಗೋಲಿಗೆ ಒಬ್ಬರ ಹೆಗಲನ್ನೊಬ್ಬರು ಹಿಡಿದುಕೊಂಡು ಕೂಗುತ್ತಿದ್ದೆವು. ನಾಲ್ಕು ದಿನದಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದು ಆಗ ಇಳಿಯಿತು.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಹೊರಡುವಾಗ, ಮುಂದಿನ ಪಂದ್ಯಕ್ಕೆ ಎಂದಿನಂತೆ ಎರಡು ಗಂಟೆಗೆ ಬಸ್ ಸ್ಟಾಪಿನಲ್ಲಿ ಸಿಗೋಣ, ನಿಮ್ಮ ಜಾಗ ಹಾಗೇ ಇದೆ ಎಂದೆ. ಅವರು ಬಸ್ ಸ್ಟಾಪಿಗೆ ಒಪ್ಪಿದರು, ಜಾಗಕ್ಕೆ ಒಪ್ಪಲಿಲ್ಲ. 'ಈಗ ಅಲ್ಲಿಂದ ಏಳೋಕಾಗಲ್ಲ ಮೇಷ್ಟ್ರೇ. ಗೆದ್ದ ಜಾಗ ಬದಲಾಯಿಸ್ಬಾರ್ದು, ನೀವೇ ಹೇಳ್ಕೊಟ್ಟಿದ್ದು' ಎಂದರು. ಕಾಲ್ಗುಣ ಅನ್ನುವುದೆಲ್ಲ ಮೂಢನಂಬಿಕೆ ಎಂದು ನಾನು ವಾದ ಮಾಡಿದೆ. ಒಂದು ರೀಡಿಂಗ್‌ನಿಂದ ತೀರ್ಮಾನಕ್ಕೆ ಬರಬಾರದು ಎಂದೆ. ಹಾಗಾದರೆ ಇನ್ನೂ ಐದು ತಗೊಳ್ಳೋಣ ಎಂದರು.

ಈಗ ಮೂರು ಪಂದ್ಯ ಕಳೆದಿದೆ. ಇಬ್ಬರೂ ಒಟ್ಟಿಗೆ ಬಸ್ಸಿನಲ್ಲಿ ಹೋಗುತ್ತೇವೆ. ಗೇಟಿನ ಹತ್ತಿರ, ಬರ್ತೀನಿ ಮೇಷ್ಟ್ರೇ ಎಂದು ಹೇಳಿ ಅವರು ಎದುರಾಳಿಗಳ ಗ್ಯಾಲರಿಗೆ ನಡೆಯುತ್ತಾರೆ, ನಾನು ಬಿಸಿಲಿನ ಕಡೆ ಬಂದು ಪಕ್ಕದಲ್ಲಿ ಕೈಚೀಲ ಇಟ್ಟುಕೊಂಡು ಕೂರುತ್ತೇನೆ. ಮೂರೂ ಪಂದ್ಯ ಗೆದ್ದಿದ್ದೇವೆ. ವಿಷಯ ಹೇಗೋ ಹೊರಬಿದ್ದು, ಹದಿನೈದು ಅಭಿಮಾನಿಗಳೂ ಮುನಿರಾಜಣ್ಣನನ್ನು ದೇವರ ಹಾಗೆ ನೋಡುತ್ತಾರೆ, ಅವರು ತಪ್ಪಿಯೂ ಈ ಕಡೆ ಬಾರದಂತೆ ನೋಡಿಕೊಳ್ಳುತ್ತಾರೆ. ನಾವು ಗೋಲು ಹೊಡೆದಾಗ ಅವರು ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಳ್ಳುತ್ತಾರೆ. ಅವರ ಸಂಭ್ರಮವೆಲ್ಲ ಅಷ್ಟೇ. ನಾನು ಹಣೆಗೆ ಕೈ ಅಡ್ಡ ಹಿಡಿದು ಆ ಟವೆಲನ್ನೇ ಹುಡುಕುತ್ತೇನೆ. ಹೋದ ವಾರ ಹಾಗೆ ಹುಡುಕುವುದರಲ್ಲಿ ಒಂದು ಗೋಲು ನೋಡುವುದೇ ತಪ್ಪಿಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಮಾತಾಡುತ್ತೇವೆ ನಿಜ. ಆದರೆ ಗೋಲು ಬಿದ್ದ ಕ್ಷಣಕ್ಕೆ ಹಿಡಿಯಬೇಕಾದ ಹೆಗಲನ್ನು ಒಂದೂವರೆ ಗಂಟೆ ಬಿಟ್ಟು ಹಿಡಿದರೆ ಆರಿದ ದೋಸೆ ತಿಂದ ಹಾಗಿರುತ್ತದೆ. ಇಪ್ಪತ್ತನಾಲ್ಕು ವರ್ಷ ಸೋಲುವಾಗ ನನಗೆ ಹೀಗೆ ಯಾವತ್ತೂ ಅನ್ನಿಸಿರಲಿಲ್ಲ.

ಬರುವ ಭಾನುವಾರ ಕೊನೆಯ ಪಂದ್ಯ. ಗೆದ್ದರೆ ಮೇಲಿನ ಡಿವಿಷನ್ನಿಗೆ ಹೋಗುತ್ತೇವೆ. ತಂಡದ ಹೆಸರಿನಲ್ಲಿ ಅರ್ಚನೆ ಮಾಡಿಸಬೇಕೆಂದು ಅಭಿಮಾನಿಗಳೆಲ್ಲ ನಿನ್ನೆ ತಿಲಕ್ ನಗರದ ಆಂಜನೇಯನ ಗುಡಿ ಮುಂದೆ ಸೇರಿ, ಹಿರಿಯ ಅಭಿಮಾನಿ ಎಂದು ನನ್ನನ್ನೇ ಒಳಗೆ ಕಳಿಸಿದರು. ಅರ್ಚಕರು ಯಾರ ಹೆಸರಿಗೆ, ಯಾವ ನಕ್ಷತ್ರ ಎಂದು ಕೇಳಿದರು. ಹನ್ನೊಂದು ಜನರದ್ದೂ ಹೇಳಬೇಕಾಗುತ್ತದೆ ಎಂದೆ. ಅವರು ಸ್ವಲ್ಪ ಯೋಚಿಸಿ, ಕುಟುಂಬದ ಹೆಸರಿಗೆ ಮಾಡಿಬಿಡ್ತೀನಿ ಎಂದರು. ಗಂಟೆ ಬಾರಿಸಿದರು. ಕಣ್ಣು ಮುಚ್ಚಿ ಕೈ ಮುಗಿದು ನಿಂತೆ. ಗೆಲ್ಲಿಸಪ್ಪಾ ಎನ್ನಲು ಹೊರಟ ಮನಸ್ಸು, ಸ್ವಾಮಿ, ಈ ಒಂದು ಪಂದ್ಯ ಸೋಲಿಸು ಎಂದಿತು. ನಾಚಿಕೆಯಾಯಿತು. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ, ಒಂದೇ ಒಂದು ಗೋಲಿನಿಂದ ಸೋತರೂ ಸಾಕು ಎಂದು ಸ್ವಲ್ಪ ರಿಯಾಯಿತಿ ತೋರಿಸಿದೆ.

ಹೊರಗೆ ಬಂದಾಗ ಮುನಿರಾಜಣ್ಣ ಮೆಟ್ಟಿಲ ಹತ್ತಿರ ಚಪ್ಪಲಿ ಕಾಯುತ್ತಾ ನಿಂತಿದ್ದರು. ಏನು ಬೇಡ್ಕೊಂಡ್ರಿ ಎಂದು ಕೇಳಿದರು. ಗೆಲ್ಲಲಿ ಅಂತ, ಇನ್ನೇನು ಎಂದೆ. ಅವರಿಗೆ ನಾನು ಹೇಳಿದ ಎರಡನೆಯ ಸುಳ್ಳು ಅದು. ಮೊದಲನೆಯದನ್ನು ನಂಬದಿದ್ದವರು ಇದನ್ನು ನಂಬಿ, ಪ್ರಸಾದವನ್ನು ಕಣ್ಣಿಗೊತ್ತಿಕೊಂಡರು.